ಎರಡನೆಯ ಗಿಟಾರ್ ಎಲ್ಲಿದೆ?

ಗ್ರೇಟ್‌ಫುಲ್ ಡೆಡ್ ತಂಡದ ಸಂಗೀತವನ್ನು ಹೊಸದಾಗಿ ಕೇಳತೊಡಗಿದವರಲ್ಲಿ ಅನೇಕರಿಗೆ ಒಂದು ಅನುಮಾನ ಬರುತ್ತದೆ. ತಂಡದಲ್ಲಿ ಇಬ್ಬರು ಗಿಟಾರ್ ವಾದಕರಿದ್ದರು ಎಂದು ಓದಿರುತ್ತಾರೆ. ಜೆರಿ ಗಾರ್ಸಿಯಾ ಅವರ ಗಿಟಾರ್ ಕೇಳಿಸುತ್ತದೆ, ಅದರಲ್ಲಿ ಗೊಂದಲವಿಲ್ಲ. ಬಾಬ್ ವಿಯರ್ ಅವರ ಗಿಟಾರ್ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. ವಿಯರ್ ಸುಮ್ಮನೆ ನಿಂತಿದ್ದಾರೆಂದೇ ಕೆಲವರು ತೀರ್ಮಾನಿಸಿಬಿಡುತ್ತಾರೆ. ಅದೇ ಮುದ್ರಿಕೆಯನ್ನು ಬಹುಕಾಲದಿಂದ ಕೇಳುತ್ತ ಬಂದವರಿಗಾದರೋ ಎರಡೂ ಗಿಟಾರುಗಳು ಮೊದಲ ನಿಮಿಷದಿಂದಲೇ ಬೇರೆ ಬೇರೆಯಾಗಿ ಕೇಳಿಸುತ್ತವೆ. ಇಬ್ಬರ ಕಿವಿಗೂ ತಲುಪಿದ ಗಾಳಿಯ ಕಂಪನ ಒಂದೇ. ಒಬ್ಬರಿಗೆ ಎರಡಾಗಿ ಒಡೆದದ್ದು ಇನ್ನೊಬ್ಬರಿಗೆ ಒಂದಾಗಿಯೇ ಉಳಿಯುವುದು ಹೇಗೆ?

ಈ ಪ್ರಶ್ನೆಗೆ ಗ್ರೇಟ್‌ಫುಲ್ ಡೆಡ್‌ಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಹುಟ್ಟಿದ ಈ ತಂಡ 1995ರಲ್ಲಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಸುಮಾರು 2,300 ಕಛೇರಿಗಳನ್ನು ಕೊಟ್ಟಿತು. ಹಾಡಿನ ಸಾಹಿತ್ಯ, ಮೂಲ ಧಾಟಿ, ತಾಳ ಇಷ್ಟು ಮಾತ್ರ ನಿಗದಿಯಾಗಿರುತ್ತಿತ್ತು. ಉಳಿದದ್ದೆಲ್ಲ ಆಯಾ ರಾತ್ರಿಯ ಮನೋಧರ್ಮ. 1969ರ ‘ಲೈವ್/ಡೆಡ್’ ಆಲ್ಬಮ್ಮಿನಲ್ಲಿ ‘ಡಾರ್ಕ್ ಸ್ಟಾರ್’ ಎಂಬ ಒಂದೇ ಹಾಡು 23 ನಿಮಿಷ ಹರಿಯುತ್ತದೆ. ಹೀಗೆ ವೇದಿಕೆಯ ಮೇಲೆಯೇ ಸಂಗೀತವನ್ನು ಬೆಳೆಸುವ ತಂಡಗಳಿಗೆ ಮುಂದೆ ಜಾಮ್ ಬ್ಯಾಂಡ್ ಎಂಬ ಹೆಸರು ಬಂತು. ಅಭಿಮಾನಿಗಳು ಕಛೇರಿಗಳನ್ನು ಟೇಪ್ ಮಾಡಿಕೊಳ್ಳುವುದಕ್ಕೆ ತಂಡ ಅಡ್ಡಿಪಡಿಸಲಿಲ್ಲ. ಹಾಗಾಗಿ ಒಂದೇ ಹಾಡಿನ ನೂರಾರು ರೂಪಗಳು ಇಂದು ಕೇಳಲು ಸಿಗುತ್ತವೆ. ವಾದಕರು ಅವರೇ, ಹಾಡೂ ಅದೇ. ಗಿಟಾರ್, ಸ್ಪೀಕರ್, ಸಭಾಂಗಣ, ಹುಮ್ಮಸ್ಸು ಇವು ಮಾತ್ರ ಬೇರೆ. ಕಿವಿಯನ್ನು ಪಳಗಿಸಲು ಇದಕ್ಕಿಂತ ಇನ್ನೇನು ಬೇಕು?

ಮೊದಲು ಕಿವಿಯ ಕಷ್ಟವನ್ನು ನೋಡೋಣ. ಏಳು ಮಂದಿ ಒಟ್ಟಿಗೆ ನುಡಿಸಿ ಹಾಡುವಾಗ ಗಾಳಿಯಲ್ಲಿ ಏಳು ಅಲೆಗಳು ಬೇರೆ ಬೇರೆ ಸಾಲಿನಲ್ಲಿ ಬರುವುದಿಲ್ಲ. ಅವೆಲ್ಲ ಕೂಡಿ, ಕಿವಿಯ ತಮಟೆಯನ್ನು ಮುಟ್ಟುವ ಹೊತ್ತಿಗೆ ಒಂದೇ ಒತ್ತಡದ ಏರಿಳಿತವಾಗಿರುತ್ತವೆ. ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಆ ಏರಿಳಿತ ಬೇರೆ ಬೇರೆ ಆವರ್ತನಗಳಾಗಿ ಬಿಡಿಸಿಕೊಳ್ಳುತ್ತದೆ: 200 ಹರ್ಟ್ಜ್ ಒಂದು ಕಡೆ, 2,000 ಹರ್ಟ್ಜ್ ಇನ್ನೊಂದು ಕಡೆ. ಯಾವ ಆವರ್ತನ ಯಾರ ಗಿಟಾರಿನದು ಎಂಬ ಗುರುತು ಅದರ ಮೇಲೆ ಬರೆದಿರುವುದಿಲ್ಲ. ಚೂರುಗಳನ್ನು ಮತ್ತೆ ಜೋಡಿಸಿ, ಇದು ಒಬ್ಬರದು, ಅದು ಮತ್ತೊಬ್ಬರದು ಎಂದು ವಿಂಗಡಿಸುವ ಕೆಲಸ ಮಿದುಳಿನದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬ್ರೆಗ್ಮನ್ ತಮ್ಮ ಜೀವಮಾನದ ಬಹುಭಾಗವನ್ನು ಈ ವಿಂಗಡಣೆಯ ಅಧ್ಯಯನಕ್ಕೆ ಕೊಟ್ಟರು. 1990ರಲ್ಲಿ ಬಂದ ಅವರ ದಪ್ಪ ಗ್ರಂಥ ಈ ಕ್ಷೇತ್ರದ ಬುನಾದಿ. ಒಂದೇ ಮೂಲದಿಂದ ಬಂದಿರಬಹುದಾದ ಸದ್ದುಗಳನ್ನು ಮಿದುಳು ಒಂದು ‘ಧಾರೆ’ಯಾಗಿ ಕಟ್ಟುತ್ತದೆ ಎಂದು ಅವರು ತೋರಿಸಿದರು. ಒಟ್ಟಿಗೆ ಶುರುವಾದದ್ದು ಒಂದು ಧಾರೆ, ಒಟ್ಟಿಗೆ ಏರಿಳಿದದ್ದು ಒಂದು ಧಾರೆ, ಎತ್ತರದಲ್ಲಿ ಹತ್ತಿರವಿದ್ದದ್ದೂ ಒಂದು ಧಾರೆ. ಮಿದುಳು ಊಹಿಸುತ್ತದೆ, ಸಾಮಾನ್ಯವಾಗಿ ಆ ಊಹೆ ಸರಿಯಾಗಿರುತ್ತದೆ.

ಬ್ರೆಗ್ಮನ್ ಮತ್ತು ಅವರ ವಿದ್ಯಾರ್ಥಿ ಜೆಫ್ರಿ ಕ್ಯಾಂಬೆಲ್ 1971ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರ, ಹೀಗೆ ಬದಲಿಸುತ್ತ ವೇಗವಾಗಿ ಕೇಳಿಸಿದರು. ನಿಧಾನಕ್ಕೆ ಕೇಳಿಸಿದರೆ ಜಿಗಿಯುವ ಒಂದೇ ಸಾಲಿನಂತೆ ಇರುವ ಸ್ವರಗಳು, ವೇಗ ಹೆಚ್ಚಿದಾಗ ಎರಡಾಗಿ ಒಡೆದವು: ಮೇಲೊಂದು ಸಾಲು, ಕೆಳಗೊಂದು ಸಾಲು. ಒಡೆದ ಮೇಲೆ, ಮೇಲಿನ ಯಾವ ಸ್ವರದ ಹಿಂದೆ ಕೆಳಗಿನ ಯಾವ ಸ್ವರ ಬಂತು ಎಂದು ಹೇಳುವುದು ಕೇಳುಗರಿಗೆ ಕಷ್ಟವಾಯಿತು. ಎರಡು ಗಿಟಾರುಗಳ ನಡುವಿನ ಸಂಭಾಷಣೆಯನ್ನು ಹಿಂಬಾಲಿಸುವುದು ಏಕೆ ಆಯಾಸದ ಕೆಲಸ ಎಂಬುದಕ್ಕೆ ಇಲ್ಲೊಂದು ಸುಳಿವಿದೆ. ಒಂದು ಧಾರೆಯ ಬೆನ್ನು ಹಿಡಿದರೆ ಇನ್ನೊಂದು ಹಿನ್ನೆಲೆಗೆ ಸರಿಯುತ್ತದೆ.

ರಾಕ್ ಸಂಗೀತ ಕೇಳುವವರು ಸಾಮಾನ್ಯವಾಗಿ ಒಂದು ಸುಲಭ ಸೂತ್ರ ಇಟ್ಟುಕೊಂಡಿರುತ್ತಾರೆ. ಲೀಡ್ ಗಿಟಾರ್ ಮೇಲಿನ ಸ್ಥಾಯಿಯಲ್ಲಿ ಬಿಡಿ ಸ್ವರಗಳನ್ನು ನುಡಿಸುತ್ತದೆ, ರಿದಮ್ ಗಿಟಾರ್ ಆರೂ ತಂತಿ ಬಾರಿಸುತ್ತ ತಾಳ ಹಿಡಿಯುತ್ತದೆ. ಈ ಸೂತ್ರ ಹಿಡಿದು ಹೊರಟವರಿಗೇ ವಿಯರ್ ಸಿಗದಿರುವುದು, ಯಾಕೆಂದರೆ ಅವರು ಆರು ತಂತಿ ಬಾರಿಸುವ ವಾದಕರೇ ಆಗಿರಲಿಲ್ಲ. ತಂಡದಲ್ಲಿ ಬಹುಕಾಲ ಇಬ್ಬರು ಡ್ರಮ್ ವಾದಕರಿದ್ದರು. ತಾಳ ಹಿಡಿಯಲು ಮೂರನೆಯವರು ಬೇಕಿರಲಿಲ್ಲ. ಫಿಲ್ ಲೆಶ್ ಅವರ ಬೇಸ್ ಗಿಟಾರ್ ಕೆಳಗೆ ಕೂತು ಆಧಾರ ಕೊಡುವುದನ್ನು ಬಿಟ್ಟು ತಾನೂ ಒಂದು ರಾಗ ಹಿಡಿದು ಅಡ್ಡಾಡುತ್ತಿತ್ತು. ಮೇಲೆ ಗಾರ್ಸಿಯಾ, ಪಕ್ಕದಲ್ಲಿ ಪಿಯಾನೊ. ಉಳಿದ ಇರುಕಿನಲ್ಲಿ ವಿಯರ್ ತಮ್ಮ ಜಾಗ ಹುಡುಕಿಕೊಳ್ಳಬೇಕಿತ್ತು. ಅವರು ಮಾದರಿಯಾಗಿ ಇಟ್ಟುಕೊಂಡದ್ದು ಗಿಟಾರ್ ವಾದಕರನ್ನಲ್ಲ, ಜಾನ್ ಕೋಲ್ಟ್ರೇನ್ ಅವರ ಜಾಜ್ ತಂಡದಲ್ಲಿದ್ದ ಪಿಯಾನೊ ವಾದಕ ಮೆಕಾಯ್ ಟೈನರ್ ಅವರನ್ನು. ಕೋಲ್ಟ್ರೇನ್ ಸ್ಯಾಕ್ಸೊಫೋನ್ ಊದುವಾಗ ಟೈನರ್ ಹಿಂದಿನಿಂದ ಸ್ವರಗುಚ್ಛಗಳನ್ನು ಒಡ್ಡುತ್ತಿದ್ದ ಬಗೆಯನ್ನು ವಿಯರ್ ಗಿಟಾರಿಗೆ ಇಳಿಸಿಕೊಂಡರು. ಎರಡು ಅಥವಾ ಮೂರು ತಂತಿಗಳ ಪುಟ್ಟ ಗುಚ್ಛ, ಪೆಟ್ಟು ಬೀಳುವ ಜಾಗ ಬಿಟ್ಟು ಅದರ ಪಕ್ಕದಲ್ಲಿ, ಮರುಕ್ಷಣವೇ ಕೈಯಿಂದ ತಡೆದು ನಿಲ್ಲಿಸಿದ್ದು. ಗಾರ್ಸಿಯಾ ಉಸಿರು ತೆಗೆದುಕೊಳ್ಳುವ ಕಡೆ ಒಂದು ಉತ್ತರ. ಮತ್ತೆ ಮೌನ. ನನ್ನ ಮಟ್ಟಿಗೆ ಇಡೀ ರಾಕ್ ಸಂಗೀತದಲ್ಲಿ ಇಷ್ಟು ಸ್ವಂತಿಕೆಯ ಜೊತೆವಾದನ ಇನ್ನೊಂದಿಲ್ಲ. ಅದು ಕೇಳಿಸದೆ ಹೋಗುವುದು ದೊಡ್ಡ ನಷ್ಟ, ಹಾಗಾಗಿಯೇ ಈ ಅಧ್ಯಾಯ.

ಗುರುತು ಹಿಡಿಯಲು ಮೊದಲ ಕೊಂಡಿ ಸ್ವರದ ಹುಟ್ಟಿನಲ್ಲಿದೆ. 1964ರಲ್ಲಿ ಸಾಲ್ಡಾನಾ ಮತ್ತು ಕಾರ್ಸೊ ಎಂಬ ಸಂಶೋಧಕರು ವಾದ್ಯಗಳ ಸ್ವರಗಳನ್ನು ಟೇಪಿನಲ್ಲಿ ಹಿಡಿದು, ಆರಂಭದ ತುಣುಕನ್ನು ಕತ್ತರಿಸಿ ಸಂಗೀತಗಾರರಿಗೆ ಕೇಳಿಸಿದರು. ವಾದ್ಯ ಯಾವುದೆಂದು ಹೇಳುವುದರಲ್ಲಿ ತಪ್ಪುಗಳು ಹೆಚ್ಚಿದವು. ಸ್ವರ ನೆಲೆಗೊಂಡು ನಿಂತ ಭಾಗಕ್ಕಿಂತ ಅದು ಹುಟ್ಟುವ ಕೆಲವು ಮಿಲಿಸೆಕೆಂಡುಗಳಲ್ಲಿ ವಾದ್ಯದ ಚಹರೆ ಹೆಚ್ಚು ಅಡಗಿದೆ. ಗಿಟಾರಿನಲ್ಲಿ ಈ ಹುಟ್ಟು ವಾದಕರ ಕೈಯ ಸಹಿ. ಗಾರ್ಸಿಯಾ ನಾಲ್ಕು ವರ್ಷದ ಮಗುವಾಗಿದ್ದಾಗ ಸೌದೆ ಒಡೆಯುತ್ತಿದ್ದ ಅಣ್ಣನ ಕೊಡಲಿಗೆ ಸಿಕ್ಕಿ ಬಲಗೈಯ ನಡುಬೆರಳಿನ ಬಹುಭಾಗ ಹೋಯಿತು. ಅವರು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಿಕ್ ಹಿಡಿದು ಮೀಟುತ್ತಿದ್ದರು. ರಾಕ್‌ಗೆ ಬರುವ ಮೊದಲು ಬ್ಲೂಗ್ರಾಸ್ ಬ್ಯಾಂಜೊದಲ್ಲಿ ಮುಳುಗಿದ್ದವರು ಅವರು. ಅವರ ಗಿಟಾರಿನಲ್ಲಿ ಪ್ರತಿ ಸ್ವರಕ್ಕೂ ಒಂದು ಸ್ವಚ್ಛ ಅಂಚು ಇರುವುದು, ಎಷ್ಟು ವೇಗದಲ್ಲಿಯೂ ಸ್ವರಗಳು ಒಂದಕ್ಕೊಂದು ಅಂಟದೆ ಮಣಿಯಂತೆ ಬಿಡಿಬಿಡಿಯಾಗಿ ಉಳಿಯುವುದು ಬ್ಯಾಂಜೊ ಕಲಿಸಿದ ಶಿಸ್ತು ಎಂದು ನನಗೆ ತೋರುತ್ತದೆ. ವಿಯರ್ ಅವರ ಮೀಟಿಗೆ ಅಂಚು ಒಂದಲ್ಲ, ಎರಡು ಮೂರು. ಪಿಕ್ ಒಂದು ತಂತಿಯಿಂದ ಇನ್ನೊಂದಕ್ಕೆ ಸವರಿಕೊಂಡು ಹೋಗಲು ಒಂದಿಷ್ಟು ಹೊತ್ತು ಹಿಡಿಯುವುದರಿಂದ ‘ಟಕ್’ ಎನ್ನುವ ಬದಲು ‘ಚ್ರಕ್’ ಎನ್ನುತ್ತದೆ. ಎರಡು ಗಿಟಾರ್ ಒಂದೇ ಎತ್ತರದಲ್ಲಿ ಓಡಾಡುವಾಗಲೂ ಈ ಸದ್ದು ಮೋಸ ಮಾಡುವುದಿಲ್ಲ.

ತಂತಿಯನ್ನು ಎಲ್ಲಿ ಮೀಟುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೀಟಿದ ತಂತಿಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಆವರ್ತನದ ಹಾರ್ಮೋನಿಕ್‌ಗಳೂ ಎದ್ದೇಳುತ್ತವೆ. ತಂತಿಯ ನಟ್ಟನಡುವೆ ಮೀಟಿದರೆ ಎರಡನೆಯದು, ನಾಲ್ಕನೆಯದು, ಆರನೆಯದು ಹೆಚ್ಚುಕಡಿಮೆ ಏಳುವುದೇ ಇಲ್ಲ, ಯಾಕೆಂದರೆ ಅವುಗಳ ನಿಶ್ಚಲ ಬಿಂದು ಅಲ್ಲಿದೆ. ನಾದ ದುಂಡಗೆ, ಸ್ವಲ್ಪ ಟೊಳ್ಳಾಗಿ ಬರುತ್ತದೆ. ಬ್ರಿಡ್ಜ್‌ನ ಹತ್ತಿರ ಮೀಟಿದರೆ ಮೇಲಿನ ಹಾರ್ಮೋನಿಕ್‌ಗಳು ಬಲಗೊಂಡು ನಾದ ಚೂಪಾಗುತ್ತದೆ. ವಿದ್ಯುತ್ ಗಿಟಾರಿನ ಪಿಕಪ್‌ಗೂ ಇದೇ ನಿಯಮ. ಅದು ತಂತಿಯ ಯಾವ ಭಾಗದ ಕೆಳಗಿದೆಯೋ ಅಲ್ಲಿನ ಚಲನೆಯನ್ನು ಮಾತ್ರ ಹಿಡಿಯುತ್ತದೆ.

ಇಲ್ಲಿ ಕಾಲಮಾನ ಮುಖ್ಯ. 1972ರ ಯುರೋಪ್ ಪ್ರವಾಸದಲ್ಲಿ ಗಾರ್ಸಿಯಾ ಅವರ ಕೈಯಲ್ಲಿದ್ದದ್ದು ‘ಅಲಿಗೇಟರ್’ ಎಂದು ಹೆಸರಾದ, ಗ್ರಹಾಂ ನ್ಯಾಶ್ ಉಡುಗೊರೆಯಾಗಿ ಕೊಟ್ಟ ಫೆಂಡರ್ ಸ್ಟ್ರಾಟೊಕಾಸ್ಟರ್. ಅದರ ಪಿಕಪ್‌ಗಳಲ್ಲಿ ಒಂದೊಂದೇ ಸುರುಳಿ. ವಿಯರ್ ಆ ಕಾಲದಲ್ಲಿ ನುಡಿಸುತ್ತಿದ್ದದ್ದು ಗಿಬ್ಸನ್‌ನ ಅರೆಟೊಳ್ಳು ಗಿಟಾರ್. ಅದರ ಹಂಬಕರ್ ಪಿಕಪ್‌ನಲ್ಲಿ ಸುರುಳಿ ಎರಡು. ಎರಡು ಸುರುಳಿಗಳು ತಂತಿಯ ಎರಡು ಜಾಗಗಳ ಚಲನೆಯನ್ನು ಕೂಡಿಸುವುದರಿಂದ ಅತಿ ಎತ್ತರದ ಹಾರ್ಮೋನಿಕ್‌ಗಳು ಭಾಗಶಃ ಒಂದನ್ನೊಂದು ಅಳಿಸಿಕೊಳ್ಳುತ್ತವೆ, ನಾದಕ್ಕೆ ಬೆಚ್ಚನೆಯ ಗುಣ ಬರುತ್ತದೆ. ಆ ವರ್ಷದ ಮುದ್ರಿಕೆಗಳಲ್ಲಿ ಹೊಳಪಿನದು ಗಾರ್ಸಿಯಾ, ಮಂದನೆಯದು ವಿಯರ್ ಎಂದುಕೊಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅದೇ ನಿಯಮ ಹಿಡಿದು 1977ಕ್ಕೆ ಬಂದರೆ ದಾರಿ ತಪ್ಪುತ್ತೀರಿ. ಅಷ್ಟರಲ್ಲಿ ಗಾರ್ಸಿಯಾ ಅಲ್ಯೂಮಿನಿಯಂ ಕತ್ತಿನ ಟ್ರಾವಿಸ್ ಬೀನ್ ಗಿಟಾರಿಗೆ ಬದಲಾಗಿದ್ದರು, ಕಾಲ ಕೆಳಗೆ ಮ್ಯೂ-ಟ್ರಾನ್ ಎಂಬ ಪೆಡಲ್ ಬಂದಿತ್ತು. ಮೀಟು ಎಷ್ಟು ಜೋರೋ ಅಷ್ಟು ಅಗಲವಾಗಿ ತೆರೆದುಕೊಳ್ಳುವ ಸೋಸುಕ ಅದು; ಸ್ವರ ಹುಟ್ಟುತ್ತಲೇ ಬಾಯಿ ತೆರೆದು ಮುಚ್ಚಿದಂತೆ ‘ವಾವ್’ ಎನ್ನುತ್ತದೆ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಛೇರಿಯ ಮುದ್ರಣ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿ ಸೇರಿದೆ. ಅದರಲ್ಲಿ ‘ಫೈರ್ ಆನ್ ದ ಮೌಂಟನ್’ ಕೇಳಿ. ಆ ‘ವಾವ್’ ಎಲ್ಲಿದೆಯೋ ಅಲ್ಲಿ ಗಾರ್ಸಿಯಾ. ಅದನ್ನು ಮನಸ್ಸಿನಲ್ಲೇ ಬದಿಗಿಟ್ಟರೆ, ಅದರ ಬುಡದಲ್ಲಿ ಚುಟುಕಾಗಿ ಚುಚ್ಚುತ್ತಿರುವ ಗಿಟಾರ್ ತಾನಾಗಿ ಮೇಲೇಳುತ್ತದೆ.

ಕೇಳುಗರ ಕಿವಿಯನ್ನು ಮಾತ್ರ ನಂಬಿ ಕೂರದೆ, ವಾದ್ಯಗಳು ಬೇರೆಯಾಗಿ ಕೇಳಿಸಲೆಂದು ತಂಡವೇ ಭೌತವಿಜ್ಞಾನದ ಮೊರೆ ಹೋದದ್ದು 1974ರಲ್ಲಿ. ಆ ವರ್ಷದ ಮಾರ್ಚ್ 23ರಂದು ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಕೌ ಪ್ಯಾಲೇಸ್‌ನಲ್ಲಿ ‘ವಾಲ್ ಆಫ್ ಸೌಂಡ್’ ಎಂಬ ಧ್ವನಿವ್ಯವಸ್ಥೆ ಪೂರ್ಣರೂಪದಲ್ಲಿ ನಿಂತಿತು. ವಾದಕರ ಬೆನ್ನಹಿಂದೆ ಮೂರು ಮಹಡಿಯಷ್ಟು ಎತ್ತರದ ಸ್ಪೀಕರುಗಳ ಗೋಡೆ. ಔಸ್ಲಿ ಸ್ಟ್ಯಾನ್ಲಿ ಮತ್ತು ಅವರ ಜೊತೆಗಾರ ಎಂಜಿನಿಯರುಗಳು ಇದನ್ನು ಕಟ್ಟಿದ್ದರ ಹಿಂದೆ ಸರಳವಾದ, ಆದರೆ ಬಹಳ ದುಬಾರಿಯಾದ ಒಂದು ತತ್ತ್ವವಿತ್ತು: ಪ್ರತಿ ವಾದ್ಯಕ್ಕೂ ಅದರದೇ ಆಂಪ್ಲಿಫೈಯರ್, ಅದರದೇ ಸ್ಪೀಕರುಗಳು.

ಇದರ ಲಾಭ ತಿಳಿಯಲು ಒಂದು ಲೆಕ್ಕ ಮಾಡೋಣ. ಒಂದು ಗಿಟಾರ್ 400 ಹರ್ಟ್ಜ್ ಸ್ವರ ನುಡಿಸುತ್ತಿದೆ, ಇನ್ನೊಂದು 500. ಎರಡನ್ನೂ ಒಂದೇ ಆಂಪ್ಲಿಫೈಯರಿಗೆ, ಒಂದೇ ಸ್ಪೀಕರಿಗೆ ಕಳಿಸಿದ್ದೇವೆ, ಅದೂ ಶಕ್ತಿಮೀರಿ ಕೆಲಸ ಮಾಡುತ್ತಿದೆ. ಒಳಬಂದ ಸಂಕೇತ ಎಷ್ಟು ಹೆಚ್ಚಿದರೆ ಹೊರಹೋಗುವ ಸದ್ದೂ ಅಷ್ಟೇ ಹೆಚ್ಚಬೇಕೆಂಬ ನೇರ ಅನುಪಾತ ಆಗ ಮುರಿಯುತ್ತದೆ. ಮುರಿದ ಕೂಡಲೇ ಯಾರೂ ನುಡಿಸದ ಸ್ವರಗಳು ಹುಟ್ಟಿಕೊಳ್ಳುತ್ತವೆ: ಎರಡರ ವ್ಯತ್ಯಾಸವಾದ 100, ಮೊತ್ತವಾದ 900, ಜೊತೆಗೆ 300, 600 ಹೀಗೆ. ಈ ಕೂಸುಗಳು ಎರಡೂ ಗಿಟಾರುಗಳಿಗೆ ಸೇರಿದವು, ಯಾವ ಒಂದಕ್ಕೂ ಸೇರಿದವಲ್ಲ. ಚೂರುಗಳನ್ನು ವಿಂಗಡಿಸಲು ಹೊರಟ ಮಿದುಳಿಗೆ ಇವು ಎರಡು ಧಾರೆಗಳನ್ನು ಅಂಟಿಸುವ ಗೋಂದಾಗುತ್ತವೆ. ಸ್ಪೀಕರುಗಳನ್ನು ಬೇರೆ ಮಾಡಿದರೆ ಎರಡು ಸ್ವರಗಳೂ ಮೊದಲ ಸಲ ಭೇಟಿಯಾಗುವುದು ಗಾಳಿಯಲ್ಲಿ. ಸಂಗೀತದ ಸದ್ದಿನ ಮಟ್ಟದಲ್ಲಿ ಗಾಳಿ ಆ ನೇರ ಅನುಪಾತವನ್ನು ಮುರಿಯುವುದಿಲ್ಲ. ಅಲೆಗಳು ಒಂದರೊಳಗೊಂದು ಹಾದು ತಮ್ಮ ಪಾಡಿಗೆ ಹೋಗುತ್ತವೆ. ಮೇಲಾಗಿ ಗಾರ್ಸಿಯಾ ಅವರ ಸದ್ದು ಗೋಡೆಯ ಒಂದು ಜಾಗದಿಂದ, ವಿಯರ್ ಅವರದು ಇನ್ನೊಂದು ಜಾಗದಿಂದ ಬರುತ್ತಿತ್ತು. ಲೆಶ್ ಅವರ ಬೇಸ್‌ನಲ್ಲಂತೂ ಒಂದೊಂದು ತಂತಿಯನ್ನೂ ಬೇರೆ ಸ್ಪೀಕರ್ ಸಾಲಿಗೆ ಕಳಿಸಬಹುದಿತ್ತು. ಇಷ್ಟು ಮಾಡಿ, ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಆ ಗೋಡೆಯನ್ನು ಕಳಚಬೇಕಾಯಿತು. ಸಾಗಣೆ ಮತ್ತು ಕೂಲಿಯ ಖರ್ಚನ್ನು ಟಿಕೆಟ್ಟಿನ ಹಣ ತಡೆದುಕೊಳ್ಳಲಿಲ್ಲ. 1974ರ ಮುದ್ರಿಕೆಗಳಲ್ಲಿ ಎರಡು ಗಿಟಾರುಗಳ ನಡುವೆ ಇರುವ ತೆರವನ್ನು ಕೇಳಿದಾಗ ಆ ಖರ್ಚು ವ್ಯರ್ಥವಾಗಲಿಲ್ಲ ಎನಿಸುತ್ತದೆ.

ಹಾಗಾದರೆ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಡ, ಬಲ ನೋಡಿದರೆ ಸಾಕಲ್ಲವೇ? ಸಹಾಯವಾಗುತ್ತದೆ. ಮಿಶ್ರಣ ಮಾಡಿದವರು ಒಂದು ಗಿಟಾರನ್ನು ಒಂದು ಪಕ್ಕಕ್ಕೆ, ಇನ್ನೊಂದನ್ನು ಮತ್ತೊಂದು ಪಕ್ಕಕ್ಕೆ ಸರಿಸಿದ್ದರೆ ಕೆಲಸ ಸಲೀಸು. ಆದರೆ ದಿಕ್ಕಿನ ಮೇಲೆ ಪೂರ್ತಿ ಭಾರ ಹಾಕಬಾರದು. ಡಯಾನಾ ಡಾಯ್ಚ್ 1975ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಏರುವ ಸ್ವರಸಾಲು ಒಂದು, ಇಳಿಯುವ ಸ್ವರಸಾಲು ಒಂದು, ಎರಡನ್ನೂ ಒಟ್ಟಿಗೆ ಕೇಳಿಸಿ, ಸ್ವರದಿಂದ ಸ್ವರಕ್ಕೆ ಕಿವಿ ಅದಲುಬದಲು ಮಾಡುತ್ತ ಹೋದರು. ಪ್ರತಿ ಕಿವಿಗೂ ನಿಜವಾಗಿ ಬೀಳುತ್ತಿದ್ದದ್ದು ಅಡ್ಡಾದಿಡ್ಡಿ ಜಿಗಿತ. ಕೇಳುಗರಲ್ಲಿ ಹೆಚ್ಚಿನವರಿಗೆ ಕೇಳಿಸಿದ್ದು ಒಂದು ಕಡೆ ಮೇಲಿನ ಸ್ವರಗಳ ನಯವಾದ ಸಾಲು, ಇನ್ನೊಂದು ಕಡೆ ಕೆಳಗಿನ ಸ್ವರಗಳ ನಯವಾದ ಸಾಲು. ಎತ್ತರದ ಸಾಮೀಪ್ಯಕ್ಕಾಗಿ ಮಿದುಳು ದಿಕ್ಕನ್ನೇ ತಿದ್ದಿ ಬರೆದಿತ್ತು. ಇಬ್ಬರು ವಾದಕರು ಒಂದೇ ಸ್ಥಾಯಿಯಲ್ಲಿ ಹೆಣೆದುಕೊಂಡಾಗ ನಮ್ಮ ಕಿವಿ ಒಬ್ಬರ ಸ್ವರವನ್ನು ಇನ್ನೊಬ್ಬರ ಸಾಲಿಗೆ ಸೇರಿಸುವುದು ಹೀಗೆಯೇ.

ದಿಕ್ಕಿಗಿಂತ ನಂಬಿಕಸ್ಥವಾದದ್ದು ಸಮಯ. ಡಚ್ ಸಂಶೋಧಕ ರುಡಾಲ್ಫ್ ರಾಷ್ 1970ರ ದಶಕದ ಕೊನೆಯಲ್ಲಿ ತೋರಿಸಿದಂತೆ, ಎರಡು ಸ್ವರಗಳಲ್ಲಿ ಒಂದು ಸುಮಾರು 30 ಮಿಲಿಸೆಕೆಂಡ್ ಮೊದಲು ಶುರುವಾದರೂ ಅವೆರಡನ್ನು ಬೇರೆಯಾಗಿ ಕೇಳುವುದು ಗಮನಾರ್ಹವಾಗಿ ಸುಲಭವಾಗುತ್ತದೆ. ‘ಒಟ್ಟಿಗೆ ಬರಲಿಲ್ಲ’ ಎಂದು ನಮಗೆ ಅನಿಸುವುದೇ ಇಲ್ಲ, ಅಷ್ಟು ಚಿಕ್ಕ ಅಂತರ ಅದು. ನುರಿತ ವಾದ್ಯತಂಡಗಳು ಒಟ್ಟಿಗೆ ನುಡಿಸುವಾಗಲೂ ಸ್ವರಗಳ ನಡುವೆ ಸಹಜವಾಗಿ 30ರಿಂದ 50 ಮಿಲಿಸೆಕೆಂಡಿನಷ್ಟು ಹಿಂದುಮುಂದು ಇರುವುದನ್ನು ಅವರು ಅಳೆದರು. ಪೆಟ್ಟಿನ ಪಕ್ಕದಲ್ಲಿ ಜಾಗ ಮಾಡಿಕೊಳ್ಳುವ ವಿಯರ್ ಅವರ ಅಭ್ಯಾಸ ಈ ಅಂತರವನ್ನು ಹಿಗ್ಗಿಸುತ್ತದೆ.

ಇನ್ನು ಕಲಿಕೆಯ ಮಾತು. ಜೇ ಡೌಲಿಂಗ್ 1973ರಲ್ಲಿ ಎಲ್ಲರಿಗೂ ಗೊತ್ತಿರುವ ಎರಡು ಸರಳ ರಾಗಗಳನ್ನು ತೆಗೆದುಕೊಂಡು, ಒಂದರ ಸ್ವರ, ಇನ್ನೊಂದರ ಸ್ವರ ಎಂದು ಸರದಿಯ ಮೇಲೆ ಹೆಣೆದು ಕೇಳಿಸಿದರು. ಎರಡೂ ಒಂದೇ ಎತ್ತರದಲ್ಲಿದ್ದಾಗ ಕೇಳುಗರಿಗೆ ಯಾವ ರಾಗವೂ ಗುರುತು ಸಿಗಲಿಲ್ಲ. ಇಂಥ ರಾಗ ಅದರೊಳಗಿದೆ ಎಂದು ಹೆಸರು ಮೊದಲೇ ಹೇಳಿದರೆ ಅದನ್ನು ಹಿಂಬಾಲಿಸಲು ಸಾಧ್ಯವಾಯಿತು. ಕಿವಿಗೆ ಬಿದ್ದ ಸದ್ದು ಬದಲಾಗಿರಲಿಲ್ಲ. ಏನನ್ನು ಹುಡುಕಬೇಕೆಂಬುದು ಗೊತ್ತಾಗಿತ್ತು. ಹಳ್ಳಿಯಲ್ಲಿ ಸಂಜೆ ಮಂದೆ ಮರಳುವಾಗ ಮನೆಯವರು ಇಪ್ಪತ್ತು ಗಂಟೆಗಳ ನಡುವೆ ತಮ್ಮ ಹಸುವಿನ ಗಂಟೆಯನ್ನು ಹೆಕ್ಕಿಕೊಳ್ಳುವುದು ಆ ಗಂಟೆಯ ಸದ್ದು ಮೊದಲೇ ಮನಸ್ಸಿನಲ್ಲಿ ಇರುವುದರಿಂದ.

ಹಾಗಾಗಿ ವಿಯರ್ ಅವರನ್ನು ಹುಡುಕುವವರು ಉದ್ದನೆಯ ‘ಡಾರ್ಕ್ ಸ್ಟಾರ್’ನಿಂದ ಶುರುಮಾಡಬಾರದು. ‘ಯುರೋಪ್ ’72’ ಆಲ್ಬಮ್ಮಿನ ‘ಚೈನಾ ಕ್ಯಾಟ್ ಸನ್‌ಫ್ಲವರ್’ ಒಳ್ಳೆಯ ಬಾಗಿಲು. ಅದರಲ್ಲಿ ಎರಡು ಗಿಟಾರುಗಳೂ ನಿಗದಿಯಾದ ಎರಡು ಪುಟ್ಟ ಪಲುಕುಗಳನ್ನು ಹಿಡಿದು ಹಲ್ಲಿಗೆ ಹಲ್ಲು ಕೂಡಿಕೊಂಡಂತೆ ಸಾಗುತ್ತವೆ. ಒಂದನ್ನು ಬಾಯಲ್ಲಿ ಗುನುಗಲು ಬರುವವರೆಗೆ ಕೇಳಿ, ಆಮೇಲೆ ಇನ್ನೊಂದನ್ನು. ಗುನುಗುವುದು ಮುಖ್ಯ, ಬಾಯಿಗೆ ಬಂದದ್ದನ್ನು ಮಿದುಳು ಬೇಗ ಹುಡುಕುತ್ತದೆ. ಅಲ್ಲಿಂದ ಅದೇ ಹಾಡಿನ ಬೇರೆ ರಾತ್ರಿಗಳಿಗೆ ಹೋದರೆ, ಗೊತ್ತಿರುವ ಪಲುಕು ಎಲ್ಲಿ ಬಾಗಿತು, ಎಲ್ಲಿ ಮುರಿಯಿತು ಎಂಬುದು ಕೇಳಿಸತೊಡಗುತ್ತದೆ. ‘ಎಸ್ಟಿಮೇಟೆಡ್ ಪ್ರಾಫೆಟ್’ಗೆ ಬರುವುದು ಇದಾದ ಮೇಲೆ. ಏಳು ಎಣಿಕೆಯ ಆ ಹಾಡು ವಿಯರ್ ಅವರದೇ, ಹಾಡುವುದೂ ಅವರೇ. ಅವರ ಕಂಠ ಮತ್ತು ಅವರ ಕೈ ಪರಸ್ಪರ ಜಾಗ ಬಿಟ್ಟುಕೊಡುವುದನ್ನು ಅಲ್ಲಿ ಗಮನಿಸಬಹುದು.

ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇಕೆನ್ನುವವರು ಆಲ್ಮನ್ ಬ್ರದರ್ಸ್ ತಂಡಕ್ಕೆ ಹೋಗಬೇಕು. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಟಾಮ್ ಡೌಡ್ ಮುದ್ರಿಸಿಕೊಂಡ ಆಲ್ಬಮ್ಮಿನಲ್ಲಿ ಡ್ವೇನ್ ಆಲ್ಮನ್ ಮತ್ತು ಡಿಕಿ ಬೆಟ್ಸ್ ಇದ್ದಾರೆ. ಇಬ್ಬರದೂ ಹಂಬಕರ್ ಇರುವ ಗಿಬ್ಸನ್ ಗಿಟಾರುಗಳು, ಇಬ್ಬರ ಹಿಂದೆಯೂ ಮಾರ್ಷಲ್ ಆಂಪ್ಲಿಫೈಯರುಗಳು, ಇಬ್ಬರೂ ಲೀಡ್. ಆಲ್ಮನ್ ಬೆರಳಿಗೆ ಗಾಜಿನ ಔಷಧಿ ಬಾಟಲಿ ಸಿಕ್ಕಿಸಿ ತಂತಿಯ ಮೇಲೆ ಜಾರಿಸಿದಾಗ ತೊಂದರೆಯಿಲ್ಲ. ಫ್ರೆಟ್‌ಗಳ ಮೆಟ್ಟಿಲು ಬಿಟ್ಟು ಸ್ವರ ಗಮಕದಂತೆ ಹರಿಯುತ್ತದೆ. ಬಾಟಲಿ ತೆಗೆದಿಟ್ಟಾಗ ಉಳಿಯುವುದು ಮಾತಿನ ಶೈಲಿ ಮಾತ್ರ. ಬ್ಲೂಸ್ ಪಲುಕುಗಳನ್ನು ಹಿಂಡಿ ಹಿಂಡಿ ಏರಿಸುವುದು ಆಲ್ಮನ್, ಹಳ್ಳಿಗಾಡಿನ ಪಿಟೀಲಿನ ದುಂಡು ರಾಗದತ್ತ ವಾಲುವುದು ಬೆಟ್ಸ್. ಇನ್ನು ಇಬ್ಬರೂ ಸೇರಿ ಒಂದೇ ರಾಗವನ್ನು ಮೂರನೆಯ ಸ್ವರದ ಅಂತರದಲ್ಲಿ ನುಡಿಸುವಾಗ ಬ್ರೆಗ್ಮನ್ ಪಟ್ಟಿಮಾಡಿದ ಎಲ್ಲ ಸುಳಿವುಗಳೂ ಒಂದಾಗು ಎನ್ನುತ್ತವೆ. ಒಟ್ಟಿಗೆ ಶುರು, ಒಟ್ಟಿಗೆ ಏರಿಳಿತ, ಒಂದೇ ನಾದಗುಣ. ಎರಡು ಗಿಟಾರುಗಳು ಕೂಡಿ ಮೂರನೆಯದೊಂದು ವಾದ್ಯ ಆಗಬೇಕೆಂದೇ ಅವರು ಹಾಗೆ ನುಡಿಸಿದ್ದು. ಅಲ್ಲಿ ಬಿಡಿಸಿ ಕೇಳುವ ಹಟ ಬೇಡ.

ಅದೇ ಆಲ್ಬಮ್ಮಿನ ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’ ಬೆಟ್ಸ್ ರಚಿಸಿದ್ದು. ಆರಂಭದಲ್ಲಿ ಅವರು ತಂತಿ ಮೀಟುವಾಗ ಧ್ವನಿಯ ಗುಂಡಿಯನ್ನು ಸೊನ್ನೆಗೆ ಇಳಿಸಿರುತ್ತಾರೆ, ಮೀಟಿದ ಮೇಲೆ ಮೆಲ್ಲಗೆ ತಿರುಗಿಸುತ್ತಾರೆ. ಸಾಲ್ಡಾನಾ ಮತ್ತು ಕಾರ್ಸೊ ಟೇಪಿನಲ್ಲಿ ಮಾಡಿದ್ದನ್ನು ಬೆಟ್ಸ್ ಕಿರುಬೆರಳಿನಲ್ಲಿ ಮಾಡುತ್ತಾರೆ: ಸ್ವರದ ಹುಟ್ಟೇ ಅಳಿಸಿಹೋಗುತ್ತದೆ, ಗಿಟಾರ್ ಪಿಟೀಲಾಗುತ್ತದೆ. ಮುಖ್ಯ ರಾಗವನ್ನು ಇಬ್ಬರೂ ಕೂಡಿ ನುಡಿಸಿದ ಮೇಲೆ ಬರುವ ಮೊದಲ ಸೋಲೊ ಬೆಟ್ಸ್ ಅವರದು, ನಡುವೆ ಗ್ರೆಗ್ ಆಲ್ಮನ್ ಅವರ ಆರ್ಗನ್, ಆಮೇಲೆ ಡ್ವೇನ್. ಈ ಅನುಕ್ರಮ ತಿಳಿದಿದ್ದರೆ ಎರಡು ಸೋಲೊಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಹೋಲಿಸಿದ ಮೇಲೆ, ಅದೇ ಆಲ್ಬಮ್ಮಿನ ಕೊನೆಯಲ್ಲಿರುವ, 20 ನಿಮಿಷ ಮೀರಿದ ‘ವಿಪ್ಪಿಂಗ್ ಪೋಸ್ಟ್’ ಹಾಕಿಕೊಳ್ಳಿ. ಅಲ್ಲಿ ಯಾರ ಸರದಿ ಯಾವಾಗ ಬರುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ.